ತಿರುಪಿನ ದಾರಿ ಹಿಡಿದ ನೀರು



ಸಮುದ್ರದಲ್ಲಿ ತೇಲುವ ದೋಣಿಯನ್ನು ಯಾವ ನೀರು ಕೆಡಿಸುತ್ತದೆ? ಸಮುದ್ರದ ನೀರು ಎಂದು ಥಟ್ಟನೆ ಹೇಳಿಬಿಡುತ್ತೇವೆ. ಹಳೆಯ ಫೈಬರ್ ಗ್ಲಾಸ್ ಹಾಯಿದೋಣಿಗಳ ಮಟ್ಟಿಗೆ ಆ ಉತ್ತರ ಹೊಂದುವುದಿಲ್ಲ. ಅವುಗಳ ತಳ ಐವತ್ತು ಅರವತ್ತು ವರ್ಷ ಉಪ್ಪುನೀರಿನಲ್ಲಿದ್ದೂ ಗಟ್ಟಿಯಾಗಿಯೇ ಇರುವುದುಂಟು. ಮೊದಲು ಕೆಡುವುದು ಮೇಲುಭಾಗ, ನಾವು ಕಾಲಿಟ್ಟು ಓಡಾಡುವ ಡೆಕ್ಕು. ಅದನ್ನು ಕೆಡಿಸುವುದು ಮಳೆ. ಆ ಮಳೆನೀರು ಒಳಗೆ ಹೋಗುವ ದಾರಿಯೋ, ಒಂದು ತಿರುಪು ಕೂರಿಸಲೆಂದು ಯಾರೋ ಎಂದೋ ಕೊರೆದ ತೂತು. ಇವತ್ತಿನ ನನ್ನ ಮಾತೆಲ್ಲ ಆ ತೂತಿನ ಸುತ್ತಲೇ ಇರುತ್ತದೆ.

ಒಂದು ದೋಣಿಯನ್ನು ಎದುರಿಗಿಟ್ಟುಕೊಂಡು ಮಾತಾಡೋಣ. ಅದರ ಹೆಸರು ಟ್ರೈಟನ್. ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯವಿದೆ. ಅಲ್ಲಿನ ಬ್ರಿಸ್ಟಲ್ ಎಂಬ ಊರಿನಲ್ಲಿ ಕ್ಲಿಂಟನ್ ಪಿಯರ್ಸನ್ ಮತ್ತು ಎವರೆಟ್ ಪಿಯರ್ಸನ್ ಫೈಬರ್ ದೋಣಿ ಕಟ್ಟುತ್ತಿದ್ದರು. ಇಬ್ಬರೂ ಅಣ್ಣತಮ್ಮಂದಿರ ಮಕ್ಕಳು. ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದಿದ್ದ ಕಾರ್ಲ್ ಆಲ್ಬರ್ಗ್ ಈ ಇಬ್ಬರಿಗೆ ಒಂದು ನಕ್ಷೆ ಹಾಕಿಕೊಟ್ಟರು. ಉದ್ದ 28 ಅಡಿ. ಒಳಗೆ ನಾಲ್ಕು ಜನ ಮಲಗಬಹುದು. 1959ರಲ್ಲಿ ನ್ಯೂಯಾರ್ಕಿನ ದೋಣಿ ಪ್ರದರ್ಶನದಲ್ಲಿ ಅದನ್ನು ತಂದು ನಿಲ್ಲಿಸಿದರು. ಬೆಲೆ ಹತ್ತು ಸಾವಿರ ಡಾಲರಿಗೆ ತುಸು ಕಡಿಮೆ. ಆ ಪ್ರದರ್ಶನದಲ್ಲೇ ಹದಿನೇಳು ದೋಣಿಗಳಿಗೆ ಮುಂಗಡ ಬಂತು. ಮುಂದಿನ ಎಂಟೊಂಬತ್ತು ವರ್ಷಗಳಲ್ಲಿ ಸುಮಾರು 700 ಟ್ರೈಟನ್‌ಗಳು ಹುಟ್ಟಿಕೊಂಡವು.

ಅದಕ್ಕೆ ಮೊದಲು ಹಾಯಿದೋಣಿ ಎಂದರೆ ಬಹುಮಟ್ಟಿಗೆ ಮರದ್ದು. ವರ್ಷ ವರ್ಷವೂ ಹಲಗೆಯ ಸಂದಿಗಳನ್ನು ಮುಚ್ಚುವ, ಬಣ್ಣ ಬಳಿಯುವ ಕೆಲಸ ತಪ್ಪುತ್ತಿರಲಿಲ್ಲ. ಹೊಸ ದೋಣಿಯನ್ನು ಅಚ್ಚಿನಲ್ಲಿ ತೆಗೆಯುತ್ತಿದ್ದರು. ಗಾಜಿನ ಎಳೆಯ ಬಟ್ಟೆ ಹಾಸುವುದು, ಪಾಲಿಯೆಸ್ಟರ್ ರೆಸಿನ್ ಎಂಬ ಅಂಟುದ್ರವದಲ್ಲಿ ತೋಯಿಸುವುದು, ಮತ್ತೊಂದು ಪದರ ಹಾಸುವುದು. ಒಣಗಿದ ಮೇಲೆ ಸಂದಿಯೇ ಇಲ್ಲದ ಗಟ್ಟಿ ತೊಟ್ಟಿ ಸಿದ್ಧ. ಇದಕ್ಕೆ ಕೊಳೆಯುವ ಭಯವಿಲ್ಲ ಎಂದು ಕೊಂಡವರು ನಂಬಿದರು. ತಳದ ಮಟ್ಟಿಗೆ ಆ ನಂಬಿಕೆ ಸುಳ್ಳಾಗಲಿಲ್ಲ. ಜೇಮ್ಸ್ ಬಾಲ್ಡ್‌ವಿನ್ ಎಂಬವರು ಆಟಮ್ ಎಂಬ ತಮ್ಮ ಟ್ರೈಟನ್ನಿನಲ್ಲಿ ಎರಡು ಸಲ ಭೂಮಿಯನ್ನು ಸುತ್ತಿ ಬಂದಿದ್ದಾರೆ. ಪೇಚು ಇದ್ದದ್ದು ಡೆಕ್ಕಿನಲ್ಲಿ.

ಡೆಕ್ಕಿನ ಕಷ್ಟ ಏನೆಂದರೆ ಅದು ಹೆಚ್ಚುಕಮ್ಮಿ ಚಪ್ಪಟೆ. ತಳಕ್ಕೆ ಅದರ ಬಾಗಿದ ಆಕಾರವೇ ಬಲ ಕೊಡುತ್ತದೆ. ಚಪ್ಪಟೆ ಹಾಳೆಗೆ ಆ ಅನುಕೂಲವಿಲ್ಲ. ತೆಳುವಾಗಿದ್ದರೆ ಕಾಲಡಿಯಲ್ಲಿ ಬಳುಕುತ್ತದೆ. ಬಳುಕದಂತೆ ದಪ್ಪ ಮಾಡಿದರೆ ಭಾರ ಹೆಚ್ಚುತ್ತದೆ. ದೋಣಿಯ ಮೇಲ್ಗಡೆ ಭಾರ ಹೆಚ್ಚಿದರೆ ಅದು ಗಾಳಿಗೆ ಬೇಗ ವಾಲುತ್ತದೆ. ಹಾಗಾಗಿ ಕಟ್ಟುವವರು ಬೇರೆ ಉಪಾಯ ಹೂಡಿದರು. ಮೇಲೊಂದು ತೆಳು ಫೈಬರ್ ಪದರ, ಕೆಳಗೊಂದು ತೆಳು ಫೈಬರ್ ಪದರ, ನಡುವೆ ಸುಮಾರು ಅರ್ಧ ಇಂಚು ದಪ್ಪದ ಹಗುರ ಮರ. ಮೂರೂ ಒಂದಕ್ಕೊಂದು ಅಂಟಿಕೊಂಡಿರಬೇಕು. ದಪ್ಪ ಎರಡರಷ್ಟಾದರೆ ಬಿಗಿ ಸುಮಾರು ಎಂಟರಷ್ಟಾಗುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ನಡುವಿನ ಮರ ಆ ದಪ್ಪವನ್ನು ಭಾರವಿಲ್ಲದೆ ಒದಗಿಸುತ್ತದೆ. ಆದರೆ ಅಂಟು ಬಿಟ್ಟಿತೋ, ಉಳಿಯುವುದು ಎರಡು ತೆಳು ಹಾಳೆ, ಅಷ್ಟೆ.

ನಡುವಿನ ಆ ಮರ ಬಾಲ್ಸಾ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಲ್ಲಿ ಹೆಚ್ಚಾಗಿ ಬೆಳೆಯುತ್ತದೆ. ನೆಟ್ಟ ಐದಾರು ವರ್ಷಕ್ಕೆ ಕಡಿಯಬಹುದು. ತೂಕ ತೇಗದ ನಾಲ್ಕನೆಯ ಒಂದು ಪಾಲಿನಷ್ಟು. ದಿಮ್ಮಿಯನ್ನು ಅಡ್ಡಕ್ಕೆ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ನಾರು ನೆಟ್ಟಗೆ ಮೇಲ್ಮುಖವಾಗಿ ನಿಲ್ಲುವಂತೆ ಡೆಕ್ಕಿನಲ್ಲಿ ಜೋಡಿಸುತ್ತಾರೆ. ಹಾಗೆ ನಿಂತ ನಾರು ಮೇಲಿನ ಭಾರಕ್ಕೆ ಜಗ್ಗುವುದಿಲ್ಲ. ಇನ್ನೊಂದು ಲಾಭವೂ ಇದೆ. ನೀರು ಮರದೊಳಗೆ ನಾರಿನ ದಿಕ್ಕಿನಲ್ಲಿ ಬೇಗ ಓಡುತ್ತದೆ, ಅಡ್ಡಡ್ಡ ಹರಡಲು ತಡಮಾಡುತ್ತದೆ. ಆದ್ದರಿಂದ ಒಂದು ಬಿಲ್ಲೆ ನೆನೆದರೂ ಪಕ್ಕದ್ದು ಕೆಲಕಾಲ ಒಣಗಿಯೇ ಇರಬಹುದು. ಬಾಲ್ಸಾದ ಬದಲು ಪ್ಲೈವುಡ್ ತುಂಡುಗಳನ್ನು ಇಟ್ಟ ದೋಣಿಗಳೂ ಇವೆ. ಅಲ್ಲಿ ನಾರು ಮಲಗಿರುತ್ತದೆ. ನೀರಿಗೆ ಅದು ಹಾಸಿಕೊಟ್ಟ ದಾರಿ.

ಇಲ್ಲಿ ಒಂದು ಮಾತು ಪಕ್ಕಕ್ಕೆ ಸರಿದು ಹೇಳಬೇಕು. 1947ರಲ್ಲಿ ನಾರ್ವೆಯ ಥಾರ್ ಹೆಯರ್‌ಡಾಲ್ ಮತ್ತು ಐವರು ಸಂಗಡಿಗರು ಇದೇ ಬಾಲ್ಸಾ ದಿಮ್ಮಿಗಳ ತೆಪ್ಪದಲ್ಲಿ ಪೆರು ದೇಶದಿಂದ ಹೊರಟು 101 ದಿನ ಶಾಂತಸಾಗರದಲ್ಲಿ ತೇಲಿದರು. ತೆಪ್ಪದ ಹೆಸರು ಕಾನ್-ಟಿಕಿ. ಮರ ನೀರು ಕುಡಿದು ನಡುದಾರಿಯಲ್ಲೇ ಮುಳುಗುತ್ತದೆ ಎಂದು ಬಲ್ಲವರು ಎಚ್ಚರಿಸಿದ್ದರು. ಮುಳುಗಲಿಲ್ಲ. ಹಾಗಾದರೆ ಡೆಕ್ಕಿನೊಳಗೆ ಮುಚ್ಚಿಟ್ಟ ಬಾಲ್ಸಾ ಯಾಕೆ ಕೊಳೆಯಬೇಕು? ತೆಪ್ಪದ ದಿಮ್ಮಿಗಳು ಆಗಷ್ಟೇ ಕಡಿದ ಹಸಿ ಮರ. ಒಳಗಿದ್ದ ರಸವೇ ನೀರನ್ನು ತಡೆಯಿತು. ಪ್ರಯಾಣವೂ ಮೂರು ತಿಂಗಳ ಚಿಲ್ಲರೆಯದು. ಡೆಕ್ಕಿನಲ್ಲಿರುವುದು ಅರ್ಧ ಇಂಚಿನ ಒಣ ತುಂಡು. ಕತ್ತರಿಸಿದ ಬಾಯಿ ಪೂರ್ತಿ ತೆರೆದಿರುತ್ತದೆ. ಒಮ್ಮೆ ಒಳಗೆ ಬಂದ ನೀರು ಮೇಲೂ ಕೆಳಗೂ ಫೈಬರ್ ಇರುವುದರಿಂದ ಆವಿಯಾಗಿ ಹೊರಗೆ ಹೋಗಲಾರದು. ಅದು ವರ್ಷಗಟ್ಟಲೆ ಅಲ್ಲೇ ಕೂರುತ್ತದೆ.

ಇಷ್ಟು ಹೊತ್ತು ಹೇಳಿದ್ದನ್ನು ಒಮ್ಮೆ ನೆನಪಿಸಿಕೊಳ್ಳೋಣ. ಡೆಕ್ಕು ಎಂದರೆ ಎರಡು ಫೈಬರ್ ಪದರ, ನಡುವೆ ಹಗುರ ಮರ. ಅದರ ಬಲವೆಲ್ಲ ಅಂಟಿನಲ್ಲಿದೆ. ಇನ್ನು ತೂತಿನ ವಿಚಾರ.

ಹಾಯಿದೋಣಿಯ ಡೆಕ್ಕಿನ ಮೇಲೆ ಏನೇನು ಬಿಗಿದಿರುತ್ತಾರೆ ಎಂದು ಊಹಿಸಿಕೊಳ್ಳಿ. ಅಂಚಿನುದ್ದಕ್ಕೂ ಎರಡಡಿ ಎತ್ತರದ ಕಂಬಿಗಳು. ಜನ ನೀರಿಗೆ ಬೀಳದಂತೆ ಅವುಗಳಿಗೆ ತಂತಿ ಎಳೆದಿರುತ್ತದೆ. ಹಗ್ಗ ಸುತ್ತುವ ಗೂಟಗಳು. ಹಾಯಿ ಎಳೆಯುವ ರಾಟೆಗಳು. ಕಿಟಕಿಯ ಚೌಕಟ್ಟುಗಳು, ಹಿಡಿಕೆಗಳು. ಒಂದೊಂದಕ್ಕೂ ನಾಲ್ಕಾರು ತಿರುಪು ಇಲ್ಲವೇ ಬೋಲ್ಟು. ಲೆಕ್ಕ ಹಾಕಿದರೆ ಒಂದು ಸಣ್ಣ ದೋಣಿಯಲ್ಲೂ ತೂತುಗಳ ಸಂಖ್ಯೆ ನೂರು ದಾಟುತ್ತದೆ. ಪ್ರತಿಯೊಂದೂ ಮೇಲಿನ ಪದರವನ್ನು ಸೀಳಿ, ಮರವನ್ನು ಹಾದು, ಕೆಳಗಿನ ಪದರಕ್ಕೆ ಇಳಿಯುತ್ತದೆ. ಕಟ್ಟುವಾಗ ತೂತಿನ ಸುತ್ತ ಮೆತ್ತನೆಯ ಮೇಣದಂಥ ಸೀಲಂಟ್ ತುಂಬಿ ಬಿಗಿಯುತ್ತಾರೆ. ಅದಕ್ಕೆ ಹತ್ತಿಪ್ಪತ್ತು ವರ್ಷ ಆಯುಸ್ಸು. ದೋಣಿಯ ಆಯುಸ್ಸು ಅದಕ್ಕಿಂತ ಬಹಳ ಹೆಚ್ಚು. ಎಲ್ಲ ತೊಂದರೆಯೂ ಈ ಅಂತರದಲ್ಲಿದೆ.

ಅಂಚಿನ ಕಂಬಿಗಳದು ಇನ್ನೂ ಕೆಟ್ಟ ಪಾಡು. ದೋಣಿ ಹತ್ತುವವರು ಮೊದಲು ಕೈ ಹಾಕುವುದೇ ಕಂಬಿಗೆ. ಕಂಬಿಯ ತುದಿ ಹಿಡಿದು ಒಬ್ಬ ದೊಡ್ಡ ಮನುಷ್ಯ ಮೈಭಾರ ಬಿಟ್ಟ ಎಂದಿಟ್ಟುಕೊಳ್ಳಿ. ಎರಡಡಿ ಉದ್ದದ ಸನ್ನೆಗೋಲು ಎರಡು ಮೂರು ಇಂಚಿನ ಪಾದವನ್ನು ಮೀಟುತ್ತದೆ. ಮೇಲೆ ಹಾಕಿದ ಬಲ ಬುಡದಲ್ಲಿ ಹಲವು ಪಟ್ಟಾಗುತ್ತದೆ. ಸೀಲಂಟ್ ಕೂದಲೆಳೆಯಷ್ಟು ಬಾಯಿ ಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ. ನೀರಿಗೆ ಅಷ್ಟು ಸಾಕು.

ಆ ನೀರು ಬಹುಪಾಲು ಮಳೆಯದು, ಇಬ್ಬನಿಯದು. ಮರ ಕೊಳೆಸುವ ಶಿಲೀಂಧ್ರಕ್ಕೆ ತೇವ, ಗಾಳಿ, ತುಸು ಬೆಚ್ಚಗಿನ ಹವೆ ಇದ್ದರೆ ಸಾಕು, ಊಟಕ್ಕೆ ಮರ ಇದ್ದೇ ಇದೆ. ಉಪ್ಪು ಅದಕ್ಕೆ ಆಗಿಬರುವುದಿಲ್ಲ. ಹಿಂದಿನ ಕಾಲದ ಹಡಗು ಕಟ್ಟುವವರು ಮರದ ಸಂದಿಗಳಲ್ಲಿ ಉಪ್ಪು ತುಂಬುತ್ತಿದ್ದದ್ದು ಇದೇ ಕಾರಣಕ್ಕೆ. ಸಿಹಿನೀರು ಬಂತೋ ಮರ ಕುಂಬಾಗಲು ತೊಡಗುತ್ತದೆ. ರೋಡ್ ಐಲೆಂಡಿನಂಥ ಕಡೆ ಇನ್ನೊಂದು ಪೆಟ್ಟೂ ಇದೆ. ಅಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ನೀರು ಸುಮಾರು ಹತ್ತನೆಯ ಒಂದು ಪಾಲು ಹಿಗ್ಗುತ್ತದೆ. ಒಳಗೆ ಸೇರಿದ ನೀರು ಹೀಗೆ ಹಿಗ್ಗಿದಾಗ ಫೈಬರ್ ಪದರವನ್ನು ಮರದಿಂದ ಕಿತ್ತು ಎಬ್ಬಿಸುತ್ತದೆ. ವಸಂತದಲ್ಲಿ ಕರಗಿ, ಎದ್ದ ಜಾಗದಲ್ಲಿ ಇನ್ನಷ್ಟು ದೂರ ಹರಿಯುತ್ತದೆ. ಮುಂದಿನ ಚಳಿಗೆ ಮತ್ತೆ ಅದೇ.

ಹೀಗೆ ತೂತಿನಿಂದ ನೀರು ಹೊಕ್ಕಿತು, ಹೊರಗೆ ಬರಲಾರದೆ ನಿಂತಿತು, ಮರ ಕುಂಬಾಯಿತು. ಹೊರಗಿನಿಂದ ಮಾತ್ರ ಡೆಕ್ಕು ಬೆಳ್ಳಗೆ ಹೊಳೆಯುತ್ತಲೇ ಇರುತ್ತದೆ. ಒಳಗಿನ ಸಂಗತಿ ತಿಳಿಯುವುದು ಹೇಗೆ?

ಕಿವಿಯಿಂದ. ಸ್ಕ್ರೂ ಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದಲೋ ಸಣ್ಣ ಸುತ್ತಿಗೆಯಿಂದಲೋ ಡೆಕ್ಕನ್ನು ಬಡಿಯುತ್ತ ಹೋಗಬೇಕು. ಗಟ್ಟಿ ಜಾಗದಲ್ಲಿ ಟಣ್ ಎಂಬ ಚುರುಕಿನ ಸದ್ದು. ಕೊಳೆತ ಜಾಗದಲ್ಲಿ ದೊಪ್ ಎಂಬ ಮಂಕು ಸದ್ದು. ಹಲಸಿನ ಕಾಯಿಯನ್ನು ಬಡಿದು ಹದ ಹೇಳುವವರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ. ಅಂಥವರಿಗೆ ಈ ಕೆಲಸ ಅರ್ಧ ಗಂಟೆಯಲ್ಲಿ ಕೈಗೆ ಹತ್ತುತ್ತದೆ. ಸದ್ದು ಬದಲಾದಲ್ಲೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು. ಗೆರೆ ಸಾಮಾನ್ಯವಾಗಿ ಒಂದು ಕಂಬಿಯ ಬುಡದಿಂದಲೋ ರಾಟೆಯ ಬುಡದಿಂದಲೋ ಶುರುವಾಗಿ ಹರಡಿರುತ್ತದೆ. ಕಳ್ಳ ಬಂದ ದಾರಿ ಅಲ್ಲೇ ಗೊತ್ತಾಯಿತು.

ತೇವ ಅಳೆಯುವ ಮೀಟರುಗಳೂ ಇವೆ. ಒಳ್ಳೆಯವೇ. ಆದರೆ ಡೆಕ್ಕಿನ ಕೆಳಗೆ ಲೋಹದ ತಟ್ಟೆ ಇದ್ದರೆ ಅವು ಮೋಸ ಹೋಗುತ್ತವೆ. ಖಚಿತ ಮಾಡಿಕೊಳ್ಳಲು ದೋಣಿಯ ಒಳಗೆ ಹೋಗಿ, ತಲೆಯ ಮೇಲಿನ ಕೆಳಪದರದಲ್ಲಿ ಮಾತ್ರ ಸಣ್ಣ ತೂತು ಕೊರೆದು ನೋಡುತ್ತಾರೆ. ಬಿಳಿಚಿದ ಒಣ ಪುಡಿ ಬಂದರೆ ಮರ ಚೆನ್ನಾಗಿದೆ. ಕಂದು ಬಣ್ಣದ ಒದ್ದೆ ಪುಡಿ ಬಂದರೆ ಇಲ್ಲ. ಕೆಲವೊಮ್ಮೆ ಪುಡಿಗೆ ಮೊದಲೇ ನೀರು ತೊಟ್ಟಿಕ್ಕುತ್ತದೆ.

ಈ ಹಂತದಲ್ಲಿ ಎಲ್ಲರಿಗೂ ಒಂದು ಆಸೆ ಹುಟ್ಟುತ್ತದೆ. ಡೆಕ್ಕು ಕತ್ತರಿಸದೆ, ಮೇಲಿಂದ ಹತ್ತಾರು ತೂತು ಕೊರೆದು, ಸಿರಿಂಜಿನಲ್ಲಿ ಎಪಾಕ್ಸಿ ಎಂಬ ಅಂಟಿನ ತೆಳು ರೆಸಿನ್ ತುಂಬಿದರೆ ಸಾಲದೇ? ಅಂಥ ದ್ರವಗಳು ಅಂಗಡಿಯಲ್ಲಿ ಸಿಗುತ್ತವೆ, ಚೆನ್ನಾಗಿ ಮಾರಾಟವೂ ಆಗುತ್ತವೆ. ನನ್ನ ಮಟ್ಟಿಗೆ ಅದು ದುಡ್ಡಿನ ದಂಡ. ಒದ್ದೆ ಮರ ರೆಸಿನ್ನನ್ನು ಹೀರುವುದಿಲ್ಲ. ನೀರು ಕೂತ ಜಾಗಕ್ಕೆ ರೆಸಿನ್ ಹೋಗುವುದೂ ಇಲ್ಲ. ಅದು ಸುಲಭದ ಸಂದಿ ಹುಡುಕಿಕೊಂಡು ಹರಿದು ಗಟ್ಟಿಯಾಗುತ್ತದೆ, ಪಕ್ಕದಲ್ಲಿ ನೀರು ಮೊದಲಿನಂತೆಯೇ ಇರುತ್ತದೆ. ಮರ ಪೂರ್ತಿ ಒಣಗಿದ್ದು, ಪದರ ಮಾತ್ರ ಅಂಗೈಯಗಲ ಎದ್ದಿದ್ದರೆ ಈ ಉಪಾಯ ನಡೆದೀತು. ಕೊಳೆತಕ್ಕೆ ನಡೆಯದು. ಕೊಳೆತದ್ದನ್ನು ತೆಗೆಯಲೇಬೇಕು.

ತೆಗೆಯುವುದು ಮೇಲಿಂದಲೋ ಕೆಳಗಿನಿಂದಲೋ ಎಂಬ ಚರ್ಚೆ ಹಳೆಯದು. ಕೆಳಗಿನಿಂದ ಮಾಡಿದರೆ ಡೆಕ್ಕಿನ ಮೇಲ್ಮೈಯ ಅಂದ ಕೆಡುವುದಿಲ್ಲ. ಆದರೆ ಕೆಲಸ ಮಾಡುವವನು ಅಂಗಾತ ಮಲಗಿ, ಕೈ ಮೇಲೆತ್ತಿ, ಕಣ್ಣಿಗೆ ಕೊಳೆ ಬೀಳಿಸಿಕೊಳ್ಳುತ್ತ, ಮೇಲಿಂದ ಸುರಿಯುವ ರೆಸಿನ್ನಿನೊಂದಿಗೆ ಗುದ್ದಾಡಬೇಕು. ಹೊಸ ಮರವೂ ಗುರುತ್ವಾಕರ್ಷಣೆಗೆ ವಿರುದ್ಧವಾಗಿ ನಿಲ್ಲಬೇಕು. ಮೇಲಿಂದ ಮಾಡುವುದೇ ಮೇಲು. ಡೆಕ್ಕು ಪೂರ್ತಿ ಚಪ್ಪಟೆಯಲ್ಲ ಎಂಬುದನ್ನೂ ಮರೆಯಬಾರದು. ನೀರು ಇಳಿದು ಹೋಗಲೆಂದು ಅದಕ್ಕೆ ನಡುವೆ ಸ್ವಲ್ಪ ಉಬ್ಬು ಕೊಟ್ಟಿರುತ್ತಾರೆ. ಕೆಳಪದರವನ್ನು ಮುಟ್ಟದೆ ಬಿಟ್ಟರೆ ಆ ಉಬ್ಬು ಹಾಗೇ ಉಳಿಯುತ್ತದೆ.

ಈಗ ಕತ್ತರಿಸುವ ಕೆಲಸ. ಮೊದಲು ಆ ಜಾಗದ ಕಂಬಿ, ರಾಟೆ ಎಲ್ಲ ಬಿಚ್ಚಬೇಕು. ಕೈಯಲ್ಲಿ ಹಿಡಿಯುವ ಗರಗಸ ಯಂತ್ರದ ಅಲಗನ್ನು ಮೇಲಿನ ಪದರದಷ್ಟೇ ಆಳಕ್ಕೆ, ಅಂದರೆ ಇಂಚಿನ ಎಂಟನೆಯ ಒಂದು ಪಾಲಿನ ಆಸುಪಾಸಿಗೆ, ಕಟ್ಟಿಹಾಕಬೇಕು. ಆಳ ತಪ್ಪಿದರೆ ಕೆಳಪದರವೂ ಸೀಳುತ್ತದೆ. ಸುತ್ತಲೂ ಒಂದೆರಡು ಇಂಚು ಅಂಚು ಬಿಟ್ಟು ಗೆರೆ ಕೊಯ್ದು, ಚಪ್ಪಟೆ ಸಲಾಕೆಯಿಂದ ಮೀಟಿದರೆ ಪದರ ಮುಚ್ಚಳವಾಗಿ ಎದ್ದು ಬರುತ್ತದೆ. ಕೊಳೆತ ಕಡೆ ಸದ್ದಿಲ್ಲದೆ ಬರುತ್ತದೆ. ಗಟ್ಟಿ ಕಡೆ ಹಟ ಮಾಡುತ್ತದೆ. ಒಳಗೆ ಬಾಲ್ಸಾ ಇದ್ದ ಜಾಗದಲ್ಲಿ ಕಂದು ರಾಡಿ, ಹುಳಿ ನಾತ. ಕೈಯಲ್ಲಿ ಹಿಂಡಿದರೆ ನೀರು ಸುರಿಯುತ್ತದೆ. ಗೋರಿ ತೆಗೆಯುತ್ತ ಹೋದಂತೆ ಮರ ಕಪ್ಪಿನಿಂದ ಕಂದಿಗೆ, ಕಂದಿನಿಂದ ಬಿಳಿಗೆ ತಿರುಗುತ್ತದೆ. ಬಿಳಿ ಒಣ ಮರ ಸಿಗುವವರೆಗೂ ನಿಲ್ಲಬಾರದು. ಸೀಮೆಸುಣ್ಣದ ಗೆರೆ ದಾಟಬೇಕಾಗಿ ಬಂದರೆ ದಾಟಲೇಬೇಕು. ಬಹುಮಟ್ಟಿಗೆ ದಾಟಬೇಕಾಗುತ್ತದೆ.

ಆಮೇಲೆ ಒಣಗಿಸುವುದು. ಮೇಲೆ ಟಾರ್ಪಾಲು, ಒಳಗೆ ಫ್ಯಾನು. ಅಂಚಿನ ಮರ ಪೂರ್ತಿ ಒಣಗಲು ವಾರಗಳು ಹಿಡಿದಾವು. ಈ ಕೆಲಸದಲ್ಲಿ ಅವಸರ ಮಾಡಿದವನು ಒಳಗಿನ ನೀರಿಗೆ ಮತ್ತೆ ಹೊಸ ಮುಚ್ಚಳ ಹಾಕಿದ ಹಾಗೆಯೇ.

ಕೊಳೆತದ್ದು ಹೋಯಿತು, ಗುಂಡಿ ಒಣಗಿತು. ಈಗ ಹೊಸ ಮರ ಕೂರಿಸಬೇಕು. ಇಲ್ಲಿ ಬಳಸುವ ಅಂಟು ಎಪಾಕ್ಸಿ. ಮನೆಗಳಲ್ಲಿ ಎರಡು ಟ್ಯೂಬಿನ ಅರಾಲ್ಡೈಟ್ ಇರುತ್ತದಲ್ಲ, ಅದೇ ಜಾತಿಯದು. ದೋಣಿ ಹುಟ್ಟುವಾಗ ಬಳಸಿದ್ದು ಪಾಲಿಯೆಸ್ಟರ್ ನಿಜ. ಆದರೆ ಗಟ್ಟಿಯಾದ ಹಳೆಯ ಫೈಬರಿಗೆ ಪಾಲಿಯೆಸ್ಟರಿಗಿಂತ ಎಪಾಕ್ಸಿ ಬಲವಾಗಿ ಹಿಡಿಯುತ್ತದೆ. ಅಮೆರಿಕದ ಮಿಷಿಗನ್ನಿನ ಗೂಜನ್ ಸಹೋದರರು 1969ರ ಸುಮಾರಿಗೆ ದೋಣಿ ಕೆಲಸಕ್ಕೆಂದೇ ಎಪಾಕ್ಸಿ ಮಾರತೊಡಗಿದ ಮೇಲೆ ಮನೆಯಂಗಳದಲ್ಲಿ ದೋಣಿ ರಿಪೇರಿ ಮಾಡುವವರಿಗೆ ಧೈರ್ಯ ಬಂತು. ರೆಸಿನ್ನಿಗೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ ಬೆರೆಸುವಾಗ ಡಬ್ಬಿಯ ಮೇಲಿನ ಅಳತೆಯನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಸುರಿದರೆ ಅಂಟು ಕೊನೆಯವರೆಗೂ ಮೆತ್ತಗೇ ಉಳಿಯುತ್ತದೆ. ಒಮ್ಮೆಗೇ ತುಂಬ ಬೆರೆಸಿದರೆ ಪಾತ್ರೆಯಲ್ಲೇ ಕಾದು ಹೊಗೆಯಾಡುತ್ತದೆ. ಸ್ವಲ್ಪ ಸ್ವಲ್ಪವೇ ಬೆರೆಸಬೇಕು.

ಹೊಸ ಬಾಲ್ಸಾಕ್ಕೆ ಮೊದಲು ತೆಳು ರೆಸಿನ್ನನ್ನೇ ಬಳಿಯಬೇಕು. ತೆರೆದ ನಾರು ಅದನ್ನು ಗಟಗಟನೆ ಕುಡಿಯುತ್ತದೆ. ಕುಡಿದು ತಣಿದ ಮೇಲೆಯೇ ಸಿಲಿಕಾ ಪುಡಿ ಬೆರೆಸಿ ಮಂದ ಮಾಡಿದ ರೆಸಿನ್ನಿನ ಹಾಸು ಹರಡಿ, ಮರವನ್ನು ಒತ್ತಿ ಕೂರಿಸಬೇಕು. ಮೊದಲ ಸುತ್ತು ಬಿಟ್ಟರೆ ಹಾಸಿನೊಳಗಿನ ಅಂಟನ್ನೆಲ್ಲ ಮರ ಹೀರಿ, ಹಿಡಿತವೇ ಇಲ್ಲದಂತಾಗುತ್ತದೆ. ಮೇಲೆ ಮರಳು ಚೀಲ ಹೇರಿ ಬಿಡುತ್ತಾರೆ. ಅಂಚಿನಲ್ಲಿ ಅಂಟು ಉಕ್ಕಿ ಬಂದರೆ ಕೆಳಗೆ ಗಾಳಿ ಉಳಿದಿಲ್ಲ ಎಂಬ ನಂಬಿಕೆ.

ಮರವೇ ಬೇಡ, ಪಿವಿಸಿ ಫೋಮ್ ಹಾಕಿ ಎನ್ನುವವರಿದ್ದಾರೆ. ಫೋಮ್ ಕೊಳೆಯದು, ಸರಿ. ಆದರೆ ತೂತು ಮುಚ್ಚದಿದ್ದರೆ ಅಲ್ಲೂ ನೀರು ಹೊಕ್ಕು ಪದರ ಎಬ್ಬಿಸುತ್ತದೆ. ಒತ್ತಡ ತಡೆಯುವುದರಲ್ಲಿ ಬಾಲ್ಸಾವೇ ಬಲ. ತೂತು ಕಾಯುವವನಿಗೆ ಬಾಲ್ಸಾ ಸಾಕು.

ಮುಚ್ಚಳವನ್ನು ಅದರ ಅಡಿ ಉಜ್ಜಿ ಮತ್ತೆ ಅಂಟಿಸಬಹುದು, ಇಲ್ಲವೇ ಹೊಸ ಗಾಜಿನ ಬಟ್ಟೆ ಹಾಸಬಹುದು. ಯಾವುದಾದರೂ ಕೂಡುವ ಅಂಚನ್ನು ಇಳಿಜಾರಾಗಿ ಉಜ್ಜಲೇಬೇಕು. ಪದರದ ದಪ್ಪದ ಸುಮಾರು ಹನ್ನೆರಡರಷ್ಟು ಅಗಲದ ಇಳಿಜಾರು ಬೇಕು. ಆ ಇಳಿಜಾರಿನ ಮೇಲೆ ಬಟ್ಟೆ ಹಾಸಿದರೆ ಹಳತು ಹೊಸತು ಒಂದಾಗುತ್ತವೆ. ಉಜ್ಜುವಾಗ ಏಳುವ ಗಾಜಿನ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಎಪಾಕ್ಸಿ ಚರ್ಮಕ್ಕೆ ತಾಗಿ ತಾಗಿ ಒಮ್ಮೆ ಅಲರ್ಜಿ ಹಿಡಿದರೆ ಸಾಮಾನ್ಯವಾಗಿ ಜೀವಮಾನವಿಡೀ ಬಿಡುವುದಿಲ್ಲ. ಮುಖಗವುಸು, ಕೈಗವುಸು ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಇನ್ನು ಬಣ್ಣದ ಮಾತು ಬೇಡ. ಅದು ಎಲ್ಲರಿಗೂ ಗೊತ್ತಿರುವುದೇ.

ಇಷ್ಟೆಲ್ಲ ಮಾಡಿದ್ದು ಒಂದು ತೂತಿನಿಂದ. ಈಗ ಬಿಚ್ಚಿಟ್ಟ ಕಂಬಿಗಳನ್ನು ಮತ್ತೆ ಕೂರಿಸಬೇಕು. ಅಂದರೆ ಹೊಸ ಡೆಕ್ಕಿಗೆ ಮತ್ತೆ ತೂತು. ಹಳೆಯ ರೀತಿಯಲ್ಲೇ ಕೊರೆದರೆ ಹಳೆಯ ಕತೆಯೇ ಮರುಕಳಿಸುತ್ತದೆ. ಸರಿಯಾದ ಕ್ರಮ ಹೀಗಿದೆ. ಬೋಲ್ಟಿಗೆ ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆಯಬೇಕು. ಒಳಗಿನ ಮರವನ್ನು ಸುತ್ತಲೂ ಇನ್ನಷ್ಟು ಕೆರೆದು ತೆಗೆಯಬೇಕು. ಆ ಖಾಲಿಗೆ ಮಂದ ಎಪಾಕ್ಸಿ ತುಂಬಬೇಕು. ಅದು ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ತೂತು ಕೊರೆಯಬೇಕು. ಈಗ ಬೋಲ್ಟು ಮರವನ್ನು ಮುಟ್ಟುವುದೇ ಇಲ್ಲ. ನಾಳೆ ಸೀಲಂಟ್ ಸೋತು ನೀರು ಇಳಿದರೂ ಅದು ದೋಣಿಯೊಳಗೆ ತೊಟ್ಟಿಕ್ಕೀತು, ಮರಕ್ಕೆ ಸೇರದು. ತೊಟ್ಟಿಕ್ಕಿದರೆ ಕಣ್ಣಿಗೆ ಬೀಳುತ್ತದೆ, ಅದೇ ದಿನ ಸರಿಮಾಡಬಹುದು.

ಡೆಕ್ಕಿನ ಕೆಳಗೆ ಬೋಲ್ಟಿಗೆ ಅಗಲದ ಲೋಹದ ತಟ್ಟೆ ಇಡಬೇಕು. ಸೀಲಂಟ್ ಆಗಿ ರಬ್ಬರಿನಂಥ ಬ್ಯುಟೈಲ್ ಪಟ್ಟಿ ಒಳ್ಳೆಯದು, ಬಚ್ಚಲುಮನೆಯ ಸಿಲಿಕೋನ್ ಬೇಡ. ಬಿಗಿಯುವಾಗ ಬೋಲ್ಟನ್ನು ಅಲ್ಲಾಡದಂತೆ ಹಿಡಿದು ಕೆಳಗಿನ ನಟ್ಟನ್ನು ಮಾತ್ರ ತಿರುಗಿಸಬೇಕು. ಬೋಲ್ಟು ತಿರುಗಿದರೆ ಅದರ ಸುತ್ತ ಕೂತ ಸೀಲಂಟ್ ಹರಿದುಹೋಗುತ್ತದೆ.

ಇಷ್ಟು ಶ್ರಮ ಬೇಕೇ ಎಂದು ಕೇಳಬಹುದು. ಹಳೆಯ ಟ್ರೈಟನ್ ಇವತ್ತು ಕೆಲವು ಸಾವಿರ ಡಾಲರಿಗೇ ಸಿಗುತ್ತದೆ. ಕಾರ್ಖಾನೆಗೆ ಕೊಟ್ಟು ಡೆಕ್ಕು ಮಾಡಿಸಿದರೆ ಕೂಲಿಯೇ ದೋಣಿಯ ಬೆಲೆಯನ್ನು ಮೀರುತ್ತದೆ. ಹಾಗಾಗಿ ಸ್ವಂತ ಕೈಯಿಂದ ಮಾಡುವವರಿಗೆ ಮಾತ್ರ ಇದು ಗಿಟ್ಟುತ್ತದೆ. 1991ರಲ್ಲಿ ಡಾನ್ ಕೇಸಿ ಬರೆದ ದಿಸ್ ಓಲ್ಡ್ ಬೋಟ್ ಎಂಬ ಪುಸ್ತಕ ಅಂಥವರಿಗೆಂದೇ ಹುಟ್ಟಿದ್ದು. ಬೇರೆಯವರಿಂದ ಮಾಡಿಸುವುದಾದರೆ ಬೇರೆ ದೋಣಿ ಕೊಳ್ಳುವುದೇ ವಾಸಿ.

ನಮ್ಮ ಕರಾವಳಿಯ ಕೇಳುಗರಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಮಲ್ಪೆ, ಗಂಗೊಳ್ಳಿ, ತದಡಿಯ ದಂಡೆಗಳಲ್ಲಿ ಔಟ್‌ಬೋರ್ಡ್ ಇಂಜಿನ್ ಹಾಕಿದ ಫೈಬರ್ ದೋಣಿಗಳಿವೆ. ಇಂಥ ದೋಣಿಗಳಲ್ಲಿ ಇಂಜಿನ್ ಹೊರುವ ಹಿಂಬದಿಯ ಹಲಗೆಗೆ ಬಲ ಬರಲೆಂದು ಫೈಬರಿನ ನಡುವೆ ಸಾಮಾನ್ಯವಾಗಿ ಪ್ಲೈವುಡ್ ಇಟ್ಟಿರುತ್ತಾರೆ. ಇಂಜಿನ್ನಿನ ಬೋಲ್ಟು ಆ ಪ್ಲೈವುಡ್ಡನ್ನು ಹಾದೇ ಹೋಗುತ್ತದೆ. ಮುಂದಿನ ಸಲ ದೋಣಿಯನ್ನು ದಡಕ್ಕೆ ಎಳೆದಾಗ ಇಂಜಿನ್ ಬಿಚ್ಚಿ, ಆ ಹಲಗೆಯನ್ನು ಸುತ್ತಿಗೆಯಿಂದ ಒಮ್ಮೆ ಬಡಿದು ಕೇಳಿ. ಸದ್ದು ಮಂಕಾಗಿದ್ದರೆ ಮೇಲೆ ಇನ್ನೊಂದು ಫೈಬರ್ ಪದರ ಬಳಿದು ಸುಮ್ಮನಾಗಬೇಡಿ. ಬಿಚ್ಚಿಸಿ, ಒಳಗಿನ ಮರ ತೆಗೆಸಿ. ಇಂಜಿನ್ ಕಳಚಿ ನೀರಿಗೆ ಬೀಳುವ ಮೊದಲು ಆ ಕೆಲಸ ಮುಗಿದಿರಲಿ.